ಅದೇ ರೋಹು, ಅದೇ ಕಾಟ್ಲಾ: ಕೊಲ್ಲೇರನ್ನು ನುಂಗಿದ ಮೀನು ಸಾಕಣೆ ಕೋಲ್ಕತ್ತಾದ ಕೆರೆಗಳನ್ನು ಕಾಯ್ದಿದ್ದು ಹೇಗೆ?

ಮೃಗಶಿರಾ ಮಳೆ ಹುಟ್ಟುವ ದಿನ ಮೀನು ತಿನ್ನಬೇಕು ಎಂಬ ರೂಢಿ ಹೈದರಾಬಾದಿನಲ್ಲಿದೆ. ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಬರುವ ಆ ದಿನ ರಾಮನಗರ, ಬೇಗಂಬಜಾರ್ ಮೀನು ಮಾರುಕಟ್ಟೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಐಸಿನ ಮೇಲೆ ಸಾಲಾಗಿ ಮಲಗಿರುವ ಮೀನುಗಳಲ್ಲಿ ಎದ್ದು ಕಾಣುವುದು ಎರಡು ಜಾತಿ: ಉದ್ದ ಮೈಯ ರೋಹು, ದೊಡ್ಡ ತಲೆಯ ಕಾಟ್ಲಾ. ದೆಹಲಿಯ ಗಾಜಿಪುರ ಸಗಟು ಮಾರುಕಟ್ಟೆಯಲ್ಲೂ ಇವೇ, ಬೆಂಗಳೂರಿನ ಬಡಾವಣೆಯ ಮೀನಂಗಡಿಯಲ್ಲೂ ಇವೇ.

ಕರಾವಳಿಯಿಂದ ಹೋಗಿ ಮುಂಬೈಯಲ್ಲಿ ನೆಲೆಸಿದ ಮನೆಗಳಲ್ಲಿ 'ಅಯ್ಯೋ, ಕೆರೆ ಮೀನಾ' ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಆದರೆ ದೇಶದ ಲೆಕ್ಕ ಬೇರೆಯೇ ಇದೆ. 2023-24ರಲ್ಲಿ ಭಾರತದ ಒಟ್ಟು ಮೀನು ಉತ್ಪಾದನೆ ಸುಮಾರು 184 ಲಕ್ಷ ಟನ್. ಅದರಲ್ಲಿ ಮುಕ್ಕಾಲು ಪಾಲು ಒಳನಾಡಿನದು. ಸಮುದ್ರದ್ದು ಉಳಿದ ಕಾಲು ಪಾಲು ಮಾತ್ರ. ಜಗತ್ತಿನಲ್ಲೂ ಇದೇ ಕಥೆ. ಹಿಡಿದ ಮೀನಿಗಿಂತ ಸಾಕಿದ ಮೀನು, ಸಿಗಡಿ, ಚಿಪ್ಪು ಜೀವಿಗಳ ತೂಕ ಮೊದಲ ಬಾರಿಗೆ ಹೆಚ್ಚಾಗಿದ್ದು 2022ರಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಆ ವರ್ಷ ಸಾಕಣೆಯ ಪಾಲು ಶೇ 51.

ಹಾಗಾದರೆ ಮೀನು ಸಾಕುವುದು ಪರಿಸರಕ್ಕೆ ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹುಡುಕುವ ಮೊದಲು ಎರಡು ಜಾಗಗಳನ್ನು ನೋಡಬೇಕು. ಒಂದು ಆಂಧ್ರದ ಕೊಲ್ಲೇರು ಸರೋವರ. ಇನ್ನೊಂದು ಕೋಲ್ಕತ್ತಾದ ಪೂರ್ವ ಅಂಚಿನ ಜೌಗು ಪ್ರದೇಶ. ಎರಡೂ ಕಡೆ ಸಾಕುವ ಮುಖ್ಯ ಮೀನು ಒಂದೇ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಎರಡೂ ಸೇರಿದ್ದು ಒಂದೇ ವರ್ಷ, 2002ರಲ್ಲಿ. ಆದರೆ ಒಂದು ಕಡೆ ಮೀನು ಸಾಕಣೆಯೇ ಸರೋವರವನ್ನು ನುಂಗಿತು. ಇನ್ನೊಂದು ಕಡೆ ಮೀನು ಸಾಕಣೆ ಇದ್ದುದರಿಂದಲೇ ಜೌಗು ಉಳಿಯಿತು.

ಮೊದಲು ಲಾಭದ ಲೆಕ್ಕ

ಮೀನಿನ ರಕ್ತ ತಣ್ಣನೆಯದು. ಕೋಳಿ, ಕುರಿಯ ಹಾಗೆ ಮೈ ಬಿಸಿಯಾಗಿಟ್ಟುಕೊಳ್ಳಲು ತಿಂದದ್ದನ್ನು ಸುಡಬೇಕಾಗಿಲ್ಲ. ನೀರೇ ಮೈಯ ಭಾರ ಹೊರುವುದರಿಂದ ದಪ್ಪ ಮೂಳೆ, ಗಟ್ಟಿ ಕಾಲುಗಳ ಖರ್ಚೂ ಇಲ್ಲ. ತಿಂದದ್ದರಲ್ಲಿ ಹೆಚ್ಚು ಪಾಲು ಮಾಂಸವಾಗುತ್ತದೆ. ಬ್ರಾಯ್ಲರ್ ಕೋಳಿ ಒಂದು ಕೆ.ಜಿ. ತೂಕ ಏರಲು ಸುಮಾರು ಒಂದೂಮುಕ್ಕಾಲು ಕೆ.ಜಿ. ಆಹಾರ ಬೇಕು. ಚೆನ್ನಾಗಿ ನೋಡಿಕೊಂಡ ಹೊಂಡದಲ್ಲಿ ಗುಳಿಗೆ ಆಹಾರ ತಿನ್ನುವ ಮೀನಿಗೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಾಕು. ದನದ ಮಾಂಸಕ್ಕೆ ಇದರ ಹಲವು ಪಟ್ಟು ಬೇಕು.

ನಮ್ಮ ದೇಶದ ಮೀನುಗಳ ವಿಷಯದಲ್ಲಿ ಇನ್ನೊಂದು ಅನುಕೂಲವೂ ಇದೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ರೋಹು ನಡುವಿನ ಪದರದಲ್ಲಿ ಮೇಯುತ್ತದೆ. ಮೃಗಾಲ್ ತಳದಲ್ಲಿ ಕೊಳೆತದ್ದನ್ನು ಕೆದಕುತ್ತದೆ. ಒಂದೇ ಕೆರೆಯಲ್ಲಿ ಮೂರನ್ನೂ ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಇವುಗಳಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಸಾಕು. ಅವು ಮನುಷ್ಯರ ಊಟದ ತಟ್ಟೆಯಿಂದ ಕಿತ್ತುಕೊಂಡದ್ದಲ್ಲ.

ನದಿಗಳಿಗೂ ಒಂದು ದೊಡ್ಡ ಉಪಕಾರ ಆಗಿದೆ. ಅದು ಹೆಚ್ಚಿನವರಿಗೆ ಗೊತ್ತಿಲ್ಲ. ರೋಹು, ಕಾಟ್ಲಾ ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮಳೆಗಾಲದ ಹರಿಯುವ ನದಿಯೇ ಬೇಕು. ಹೀಗಾಗಿ 1950ರ ದಶಕದವರೆಗೆ ಸಾಕುವವರಿಗೆ ಬೇಕಾದ ಮರಿಗಳನ್ನೆಲ್ಲ ನದಿಯಿಂದಲೇ ಬಲೆ ಹಾಕಿ ಬಾಚಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಕೆರೆಯ ಮೀನಿನಿಂದಲೇ ಮೊಟ್ಟೆ ಇಡಿಸಿದರು. ಇಂದು ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸಲಾಗುತ್ತದೆ. ಮರಿಗಾಗಿ ನದಿ ಬರಿದು ಮಾಡುವ ಅಗತ್ಯ ಅಲ್ಲಿಂದ ಕಡಿಮೆಯಾಗುತ್ತಾ ಬಂತು.

ಇಲ್ಲಿಯವರೆಗೆ ಎಲ್ಲವೂ ಸರಿ. ತೊಂದರೆ ಶುರುವಾಗುವುದು ಹೊಂಡವನ್ನು ಎಲ್ಲಿ ತೋಡುತ್ತಾರೆ ಎಂಬಲ್ಲಿ.

ಕೊಲ್ಲೇರಿನಲ್ಲಿ ಆಗಿದ್ದೇನು?

ಕೃಷ್ಣಾ ಮತ್ತು ಗೋದಾವರಿ ನದಿಗಳ ಮುಖಜ ಭೂಮಿಗಳ ನಡುವೆ ಒಂದು ತಗ್ಗು ಇದೆ. ಬುಡಮೇರು, ತಮ್ಮಿಲೇರು ಮುಂತಾದ ಹೊಳೆಗಳು ಮಳೆಗಾಲದಲ್ಲಿ ಹೊತ್ತು ತರುವ ನೀರೆಲ್ಲ ಆ ತಗ್ಗಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಉಪ್ಪುಟೇರು ಎಂಬ ಒಂದೇ ಕಾಲುವೆಯ ಮೂಲಕ ನಿಧಾನವಾಗಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಆ ತಗ್ಗೇ ಕೊಲ್ಲೇರು, ದೇಶದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಒಂದು. ಇದರ ಆಳ ತೀರಾ ಕಡಿಮೆ. ಆಳಕ್ಕಿಂತ ಹರವಿನಲ್ಲಿ ಇದರ ಶಕ್ತಿ ಇತ್ತು. ನೆರೆ ಬಂದಾಗ ಹಿಗ್ಗುತ್ತಿತ್ತು, ಬೇಸಿಗೆಯಲ್ಲಿ ಕುಗ್ಗುತ್ತಿತ್ತು. ನೀರು ಏರಿದಾಗ ದಡದ ಭತ್ತದ ಬೆಳೆ ಕೊಳೆಯುತ್ತಿತ್ತು, ಇಳಿದಾಗ ಮೀನು ಸಿಗುತ್ತಿತ್ತು.

1970ರ ದಶಕದಲ್ಲಿ ಸರ್ಕಾರವೇ ಒಂದು ದಾರಿ ತೋರಿಸಿತು. ಬೆಳೆ ಹೇಗೂ ನೆರೆಗೆ ಹೋಗುತ್ತದೆ, ಅದರ ಬದಲು ಮೀನು ಸಾಕಿ ಎಂದು ಸ್ಥಳೀಯ ಮೀನುಗಾರರ ಸಹಕಾರ ಸಂಘಗಳಿಗೆ ಸರೋವರದ ಅಂಗಳದಲ್ಲೇ ಹೊಂಡ ಮಾಡಿಕೊಟ್ಟಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಹೊಂಡ ಎಂದರೆ ಇಲ್ಲಿ ನೆಲ ಅಗೆದ ಗುಂಡಿ ಎಂದುಕೊಳ್ಳಬಾರದು. ಸುತ್ತ ಮಣ್ಣಿನ ಎತ್ತರದ ಬದು ಕಟ್ಟಿ ನಡುವೆ ನೀರು ನಿಲ್ಲಿಸಿದ, ಹತ್ತಾರು ಎಕರೆಯ ದೊಡ್ಡ ಚೌಕ ಅದು. ದುಡ್ಡು ಬರುತ್ತದೆ ಎಂದು ಗೊತ್ತಾದ ಮೇಲೆ ಹೊರಗಿನ ಬಂಡವಾಳದಾರರು ಬಂದರು. ಸಂಘಗಳ ಹೊಂಡಗಳನ್ನು ಗುತ್ತಿಗೆಗೆ ಪಡೆದರು, ಪಕ್ಕದಲ್ಲಿ ಹೊಸದನ್ನು ಕಟ್ಟಿದರು. ಒಂದು ಕಾಲದಲ್ಲಿ ಸರೋವರ ಎಲ್ಲರದ್ದಾಗಿತ್ತು. ಬಲೆ ಇದ್ದವನು ಹೋಗಿ ಹಿಡಿಯಬಹುದಿತ್ತು. ಬದು ಎದ್ದ ಮೇಲೆ ಅದೇ ಮೀನುಗಾರ ಅದೇ ನೀರಿನಲ್ಲಿ ಕೂಲಿಯವನಾದ.

ಕೆಲಸವೂ ಸುಲಭದ್ದಲ್ಲ. ತೌಡು, ಹಿಂಡಿ ತುಂಬಿದ ಚೀಲಗಳಿಗೆ ಸಣ್ಣ ತೂತು ಮಾಡಿ, ನೀರಿನಲ್ಲಿ ನೆಟ್ಟ ಬಿದಿರು ಗಳಗಳಿಗೆ ಸಾಲಾಗಿ ಕಟ್ಟುತ್ತಾರೆ. ರೋಹು ಬಂದು ಚೀಲಕ್ಕೆ ಬಾಯಿ ಹಾಕಿ ಹೀರುತ್ತದೆ. ಆಂಧ್ರದ ಮೀನು ಸಾಕಣೆಯ ಗುರುತೇ ಈ ಚೀಲಗಳ ಸಾಲು. ದಿನಾ ಬೆಳಗ್ಗೆ ಸಣ್ಣ ದೋಣಿಯಲ್ಲಿ ಹೋಗಿ ಒಂದೊಂದನ್ನೂ ತುಂಬಬೇಕು. ಮೀನು ಬೆಳೆದಾಗ ಬಲೆ ಎಳೆದು, ಪ್ಲಾಸ್ಟಿಕ್ ಕ್ರೇಟ್‌ಗಳಲ್ಲಿ ಐಸ್ ಹಾಕಿ ಲಾರಿ ತುಂಬಿದರೆ ಅದು ಬಂಗಾಳ, ಅಸ್ಸಾಂವರೆಗೂ ಹೋಗುತ್ತದೆ.

ಹೀಗೆ ತಿನ್ನಿಸಿದ್ದೆಲ್ಲ ಮೀನಿನ ಹೊಟ್ಟೆಗೆ ಹೋಗುವುದಿಲ್ಲ. ಉಳಿದ ಆಹಾರ, ಮೀನಿನ ಮಲ, ನೀರು ಹಸಿರಾಗಲೆಂದು ಹಾಕಿದ ಕೋಳಿ ಗೊಬ್ಬರ ಎಲ್ಲ ತಳದಲ್ಲಿ ಕೂರುತ್ತದೆ. ಹೊಂಡ ಖಾಲಿ ಮಾಡಿದಾಗ ಆ ನೀರು ಹೋಗುವುದು ಪಕ್ಕದ ಕಾಲುವೆಗೆ, ಅಲ್ಲಿಂದ ಉಳಿದ ಸರೋವರಕ್ಕೆ. ಸಾರಜನಕ, ರಂಜಕ ಹೆಚ್ಚಾದ ನೀರಿನಲ್ಲಿ ಅಂತರಗಂಗೆ ಹಬ್ಬುತ್ತದೆ. ಅದು ನೀರಿನ ಮೈ ಮುಚ್ಚಿದರೆ ಕೆಳಗೆ ಬೆಳಕಿಲ್ಲ, ಆಮ್ಲಜನಕ ಇಲ್ಲ.

2000ರ ದಶಕದ ಆರಂಭದ ಉಪಗ್ರಹ ಚಿತ್ರಗಳನ್ನು ನೋಡಿದ ವಿಜ್ಞಾನಿಗಳಿಗೆ ಕೊಲ್ಲೇರು ಸರೋವರದ ಶೇ 40ಕ್ಕೂ ಹೆಚ್ಚು ಭಾಗ ಮೀನು ಹೊಂಡಗಳ ಚೌಕಗಳಾಗಿ ಕಂಡಿತು. ನೀರೇನೋ ಇತ್ತು. ಮೇಲಿನಿಂದ ನೋಡಿದರೆ ನೀಲಿಯಾಗಿಯೇ ಕಾಣುತ್ತಿತ್ತು. ಆದರೆ ಬದುಗಳ ನಡುವೆ ಬಂಧಿಯಾದ ನೀರು ಸರೋವರದ ಕೆಲಸ ಮಾಡುವುದಿಲ್ಲ. ನೆರೆ ಬಂದಾಗ ಹಿಗ್ಗಲು ಜಾಗವಿಲ್ಲ. ಬುಡಮೇರಿನ ನೀರು ಬದುಗಳಿಗೆ ಬಡಿದು ಹಿಂದಕ್ಕೆ ನಿಲ್ಲುತ್ತದೆ, ಊರುಗಳಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಉಲ್ಟಾ ಆಗುತ್ತದೆ. ಸರೋವರದಿಂದ ಹೊರಹರಿವು ಕಡಿಮೆಯಾಗಿ, ಉಪ್ಪುಟೇರಿನ ಮೂಲಕ ಸಮುದ್ರದ ಉಪ್ಪು ನೀರು ಮೇಲಕ್ಕೆ ಏರುತ್ತದೆ.

1999ರಲ್ಲಿ ಸಮುದ್ರ ಮಟ್ಟದಿಂದ 5 ಅಡಿ ಎತ್ತರದ ಗೆರೆಯೊಳಗಿನ 308 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿ ಅಭಯಾರಣ್ಯ ಎಂದು ಘೋಷಿಸಲಾಯಿತು. ಕಾಗದದ ಮೇಲೆ ಹೊಂಡಗಳು ಅಕ್ರಮವಾದವು, ನೆಲದ ಮೇಲೆ ಹಾಗೇ ಉಳಿದವು. ಕೊನೆಗೆ ಸುಪ್ರೀಂ ಕೋರ್ಟ್ ಕಣ್ಣು ಕೆಂಪಾಗಿಸಿದ ಮೇಲೆ 2006ರಲ್ಲಿ 'ಆಪರೇಷನ್ ಕೊಲ್ಲೇರು' ನಡೆಯಿತು. ಜೆಸಿಬಿಗಳು ಬಂದವು, ಬದುಗಳಿಗೆ ಸ್ಫೋಟಕ ಇಟ್ಟು ಒಡೆದರು. ಸರ್ಕಾರವೇ ಕೊಟ್ಟ ಹೊಂಡ ಸರ್ಕಾರವೇ ಒಡೆದರೆ ನಾವು ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಸಂಘದ ಮೀನುಗಾರರದ್ದಾಗಿತ್ತು. ಅದಕ್ಕೆ ಸಮಾಧಾನದ ಉತ್ತರ ಸಿಗಲಿಲ್ಲ. ಗಡಿಯೊಳಗೆ ಸಿಕ್ಕಿಕೊಂಡ ಪಟ್ಟಾ ಜಮೀನಿನ ಪರಿಹಾರವೂ ಕಗ್ಗಂಟಾಯಿತು.

ಎರಡೇ ವರ್ಷ. 2008ರಲ್ಲಿ ಆಂಧ್ರ ವಿಧಾನಸಭೆ ಅಭಯಾರಣ್ಯದ ಗಡಿಯನ್ನು 5 ಅಡಿಯಿಂದ 3 ಅಡಿಗೆ ಇಳಿಸಬೇಕೆಂದು ನಿರ್ಣಯ ಅಂಗೀಕರಿಸಿತು. ಕೇಂದ್ರ ನೇಮಿಸಿದ ತಜ್ಞರ ಸಮಿತಿ ಇದಕ್ಕೆ ಒಪ್ಪಲಿಲ್ಲ. ಆದರೆ ಒಡೆದ ಬದುಗಳು ಒಂದೊಂದಾಗಿ ಮತ್ತೆ ಎದ್ದವು.

ಕೋಲ್ಕತ್ತಾದಲ್ಲಿ ಆಗಿದ್ದು ಉಲ್ಟಾ

ಕೋಲ್ಕತ್ತಾದ ಪೂರ್ವಕ್ಕೆ 12,500 ಹೆಕ್ಟೇರ್ ಜೌಗು ಪ್ರದೇಶವಿದೆ. ಒಂದು ಕಾಲದಲ್ಲಿ ಇದು ಸಮುದ್ರದ ಭರತ ಇಳಿತಕ್ಕೆ ಮಿಡಿಯುವ ಉಪ್ಪು ನೀರಿನ ಪ್ರದೇಶ. ಬಿದ್ಯಾಧರಿ ನದಿ ಹೂಳು ತುಂಬಿ ಸತ್ತ ಮೇಲೆ ಉಪ್ಪು ನೀರು ಬರುವುದು ನಿಂತಿತು. ಬರುತ್ತಿದ್ದದ್ದು ನಗರದ ಚರಂಡಿ ನೀರು ಮಾತ್ರ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಮೀನುಗಾರರು ಆ ಚರಂಡಿ ನೀರನ್ನೇ ಕೆರೆಗೆ ಬಿಟ್ಟು ಮೀನು ಬೆಳೆಸಲು ಕಲಿತರು. ಈ ಕೆರೆಗಳನ್ನು ಅಲ್ಲಿ ಭೇರಿ ಎನ್ನುತ್ತಾರೆ.

ಕೇಳಿದರೆ ಹೇಸಿಗೆಯಾಗಬಹುದು. ಕೆಲಸ ಮಾಡುವ ಬಗೆ ನೋಡಿದರೆ ಬೆರಗಾಗುತ್ತದೆ. ಭೇರಿಯ ಆಳ ಸೊಂಟದಿಂದ ಎದೆಮಟ್ಟ ಅಷ್ಟೇ. ಸೂರ್ಯನ ಬೆಳಕು ಬಹುತೇಕ ತಳದವರೆಗೆ ಹೋಗುತ್ತದೆ. ಚರಂಡಿ ನೀರನ್ನು ಅಳತೆ ನೋಡಿ ಒಳಗೆ ಬಿಟ್ಟು ಕೆಲವು ವಾರ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾ ಕೊಳೆಯನ್ನು ಒಡೆಯುತ್ತದೆ. ಒಡೆದ ಕೊಳೆಯನ್ನು ಉಂಡು ಪಾಚಿ ಬೆಳೆಯುತ್ತದೆ. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರೋಗಾಣುಗಳು ಬಿಸಿಲಿಗೆ ಸಾಯುತ್ತವೆ. ಪಾಚಿ ಮಿತಿಮೀರದಂತೆ ಮೀನು ಮೇಯುತ್ತದೆ. ಮೀನಿಗೆ ಬೇರೆ ಆಹಾರ ಹೆಚ್ಚೇನೂ ಕೊಡಬೇಕಾಗಿಲ್ಲ. ತಿಳಿಯಾದ ನೀರು ಮುಂದೆ ಭತ್ತದ ಗದ್ದೆಗೆ ಹೋಗುತ್ತದೆ. ಪಕ್ಕದಲ್ಲೇ ನಗರದ ಕಸದ ಮೇಲೆ ತರಕಾರಿ ಬೆಳೆಯುತ್ತಾರೆ.

ಇದನ್ನು ಜಗತ್ತಿಗೆ ತಿಳಿಸಿದವರು ರಾಜ್ಯ ಸರ್ಕಾರದ ಎಂಜಿನಿಯರ್ ಆಗಿದ್ದ ಧ್ರುವಜ್ಯೋತಿ ಘೋಷ್. ನಗರದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಾ ಹೊರಟ ಅವರು ತಲುಪಿದ್ದು ಈ ಭೇರಿಗಳಿಗೆ. ಕೋಟ್ಯಂತರ ರೂಪಾಯಿಯ ಯಂತ್ರ ಮಾಡಬೇಕಾದ ಕೆಲಸವನ್ನು ಮೀನುಗಾರರು ಸಂಬಳವಿಲ್ಲದೆ ಮಾಡುತ್ತಿದ್ದಾರೆ, ಮೇಲಿಂದ ನಗರಕ್ಕೆ ಅಗ್ಗದ ಮೀನನ್ನೂ ಕೊಡುತ್ತಿದ್ದಾರೆ ಎಂಬುದು ಅವರ ವಾದವಾಗಿತ್ತು. ಘೋಷ್ 2018ರಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ್ದು ನೆಲದ ಬೆಲೆ. ಇದೇ ಉಪ್ಪು ಕೆರೆಗಳ ಉತ್ತರ ಭಾಗವನ್ನು 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳಿನಿಂದ ತುಂಬಿಸಿಯೇ ಸಾಲ್ಟ್ ಲೇಕ್ ಉಪನಗರ ಕಟ್ಟಿದ್ದು. ಉಳಿದದ್ದೂ ಹಾಗೇ ಹೋಗಬೇಕಿತ್ತು. 1992ರಲ್ಲಿ ಕಲ್ಕತ್ತಾ ಹೈಕೋರ್ಟ್ ಜೌಗು ತುಂಬಿಸುವುದಕ್ಕೆ ತಡೆ ಹಾಕಿತು. ಆದರೆ ಕೋರ್ಟಿನ ಆದೇಶ ಮಾತ್ರ ಇದ್ದಿದ್ದರೆ ಎಷ್ಟು ದಿನ ನಿಲ್ಲುತ್ತಿತ್ತು ಎಂಬುದಕ್ಕೆ ಕೊಲ್ಲೇರೇ ಸಾಕ್ಷಿ. ಕೋಲ್ಕತ್ತಾದಲ್ಲಿ ನೀರು ನಿಂತಿದ್ದರೆ ಮಾತ್ರ ಹೊಟ್ಟೆ ತುಂಬುವ ಸಾವಿರಾರು ಕುಟುಂಬಗಳು ಇದ್ದವು. ಜೌಗು ಉಳಿಯುವುದು ಅವರ ಬದುಕಿನ ಪ್ರಶ್ನೆಯೂ ಆಗಿತ್ತು. ಕೊಲ್ಲೇರಿನಲ್ಲಿ ಸರೋವರ ಹೋದಷ್ಟೂ ಹೊಂಡದ ಮಾಲೀಕನಿಗೆ ಲಾಭವಾಗುತ್ತಿತ್ತು.

ಭೇರಿಗಳ ಕಥೆ ಪೂರ್ತಿ ಸುಖಾಂತವೇನಲ್ಲ. ಮನೆಗಳ ಕೊಳಚೆಯ ಜೊತೆ ಕಾರ್ಖಾನೆ ನೀರು, ಚರ್ಮ ಹದ ಮಾಡುವ ಘಟಕಗಳ ಕ್ರೋಮಿಯಂ ಬೆರೆತರೆ ಪಾಚಿಯಾಗಲಿ ಬಿಸಿಲಾಗಲಿ ಏನೂ ಮಾಡಲಾರವು. ಭಾರ ಲೋಹಗಳು ಕರಗುವುದಿಲ್ಲ, ಕೆಸರಿನಲ್ಲಿ ಕೂರುತ್ತವೆ. ಹೂಳು ತುಂಬುತ್ತಿದೆ. ಒತ್ತುವರಿಯೂ ನಿಂತಿಲ್ಲ.

ಕೊಳಚೆಯಿಂದ ಕೋಲ್ಕತ್ತಾದಲ್ಲಿ ಮೀನು ಬೆಳೆಯುವುದಾದರೆ ಬೆಂಗಳೂರಿನ ಕೆರೆಗಳಲ್ಲಿ ಸಾಯುವುದೇಕೆ ಎಂದು ಕೇಳಬಹುದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನೆನಪಿರಬಹುದು. ಮದ್ದು ಮತ್ತು ವಿಷದ ನಡುವೆ ಇರುವುದು ಅಳತೆಯ ವ್ಯತ್ಯಾಸ. ಭೇರಿಯಲ್ಲಿ ಎಷ್ಟು ನೀರು, ಯಾವಾಗ ಬಿಡಬೇಕು ಎಂದು ಬಣ್ಣ, ವಾಸನೆ ನೋಡಿ ತೀರ್ಮಾನಿಸುವ ಜನ ಇದ್ದಾರೆ. ನಗರದ ಕೆರೆಗೆ ಕೊಳಚೆ ಕೇಳದೆ ನುಗ್ಗುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಆಮ್ಲಜನಕ ಇಳಿಯುತ್ತಾ ಹೋಗಿ, ಬೆಳಗಿನ ಜಾವಕ್ಕೆ ಮೀನಿಗೆ ಉಸಿರೇ ಸಿಗುವುದಿಲ್ಲ.

ಬೂತಾಯಿ ಹೋಗುವುದೆಲ್ಲಿಗೆ?

ರೋಹು ಸಾಕಣೆಯ ಸಮಸ್ಯೆ ಜಾಗದ್ದು. ಸಿಗಡಿ ಮತ್ತು ಮಾಂಸಾಹಾರಿ ಮೀನುಗಳ ಸಾಕಣೆಯದ್ದು ಆಹಾರದ ಸಮಸ್ಯೆ. ಇವುಗಳ ಗುಳಿಗೆ ಆಹಾರಕ್ಕೆ ಮೀನಿನ ಹಿಟ್ಟು, ಮೀನೆಣ್ಣೆ ಬೇಕು. ಅದು ಬರುವುದು ಸಮುದ್ರದ ಸಣ್ಣ ಮೀನುಗಳಿಂದ. ಪ್ರಪಂಚದಲ್ಲಿ 2022ರಲ್ಲಿ ಸುಮಾರು 1.7 ಕೋಟಿ ಟನ್ ಮೀನು ಹೀಗೆ ಹಿಟ್ಟು, ಎಣ್ಣೆಯಾಗಿದೆ.

ಇದು ದೂರದ ಸುದ್ದಿಯಲ್ಲ. ದಕ್ಷಿಣ ಕನ್ನಡ, ಉಡುಪಿ ಕರಾವಳಿಯಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆ ತಯಾರಿಸುವ ಕಾರ್ಖಾನೆಗಳಿವೆ. ಅವುಗಳಿಗೆ ಮುಖ್ಯವಾಗಿ ಬೇಕಾದದ್ದು ಎಣ್ಣೆ ಅಂಶ ಹೆಚ್ಚಿರುವ ಬೂತಾಯಿ, ಉತ್ತರ ಕನ್ನಡದವರ ಮಾತಿನಲ್ಲಿ ತಾರ್ಲೆ. ಜೊತೆಗೆ ಟ್ರಾಲ್ ಬಲೆಗೆ ಸಿಕ್ಕುವ ಪುಡಿ ಮೀನು, ಇನ್ನೂ ಬೆಳೆಯದ ಮರಿಗಳು. ಮೊದಲು ಬಲೆಗೆ ಸಿಕ್ಕಿದ ಮರಿ ಮೀನಿಗೆ ಬೆಲೆಯಿರಲಿಲ್ಲ. ಕಾರ್ಖಾನೆ ಕೊಳ್ಳುತ್ತದೆ ಎಂದ ಮೇಲೆ ಅದಕ್ಕೂ ಬೆಲೆ ಬಂತು, ಹಿಡಿಯದಿರಲು ಕಾರಣ ಕಡಿಮೆಯಾಯಿತು.

ಬೂತಾಯಿ ಕೆಲವು ವರ್ಷ ಸಮೃದ್ಧವಾಗಿ ಸಿಕ್ಕಿ, ಕೆಲವು ವರ್ಷ ಕಾಣೆಯಾಗುವುದಕ್ಕೆ ಕಡಲಿನ ಉಷ್ಣತೆ, ಮಳೆ ಮುಂತಾದ ಕಾರಣಗಳೂ ಇವೆ. ಎಲ್ಲ ತಪ್ಪನ್ನೂ ಕಾರ್ಖಾನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಲೆಕ್ಕ ನೋಡಿ. ಬಡವರ ಮನೆಯ ಸಾರಿಗೆ ಬೀಳಬೇಕಿದ್ದ ಬೂತಾಯಿ ಹಿಟ್ಟಾಗಿ, ಹಿಟ್ಟು ಸಿಗಡಿಯಾಗಿ, ಸಿಗಡಿ ಹಡಗು ಹತ್ತಿ ವಿದೇಶದ ತಟ್ಟೆಗೆ ಹೋಗುತ್ತದೆ. ಸೋಯಾ ಹಿಂಡಿ ಬಳಸಿ ಮೀನಿನ ಹಿಟ್ಟನ್ನು ಕಡಿಮೆ ಮಾಡುವ ಕೆಲಸ ನಡೆದಿದೆ, ಸಿಗಡಿ ಆಹಾರದಲ್ಲಿ ಅದರ ಪಾಲು ಮೊದಲಿಗಿಂತ ಇಳಿದಿದೆ. ಪಾಲು ಇಳಿದರೂ ಸಾಕಣೆ ಅದಕ್ಕಿಂತ ವೇಗವಾಗಿ ಬೆಳೆದರೆ ಬೇಕಾಗುವ ಒಟ್ಟು ಹಿಟ್ಟು ಕಡಿಮೆಯಾಗುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿರುವುದು ಪಚ್ಚಿಲೆಯಂಥ ಚಿಪ್ಪು ಜೀವಿಗಳು. ಅಳಿವೆಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಸಾಕು. ಹಿಟ್ಟು ಬೇಡ, ತೌಡು ಬೇಡ. ನೀರನ್ನೇ ಸೋಸಿ ತಮ್ಮ ಆಹಾರ ತಾವೇ ಹುಡುಕಿಕೊಳ್ಳುತ್ತವೆ, ನೀರು ತಿಳಿಯಾಗುತ್ತದೆ. ಸಾಕಣೆಯಲ್ಲೇ ಪರಿಸರಕ್ಕೆ ಅತಿ ಹಗುರವಾದದ್ದು ಇದು ಮತ್ತು ಕಡಲಪಾಚಿ ಎನ್ನುವುದರಲ್ಲಿ ವಿಜ್ಞಾನಿಗಳಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಒಂದೇ ಷರತ್ತು: ಅಳಿವೆಯ ನೀರು ಚೆನ್ನಾಗಿರಬೇಕು, ಯಾಕೆಂದರೆ ಸೋಸಿದ್ದೆಲ್ಲ ಅವುಗಳ ಮೈಯಲ್ಲೇ ಉಳಿಯುತ್ತದೆ.

ಸಿಗಡಿ ಮತ್ತು ಕೋರ್ಟು

1990ರ ದಶಕದಲ್ಲಿ ತಮಿಳುನಾಡು, ಆಂಧ್ರ ಕರಾವಳಿಯಲ್ಲಿ ಸಿಗಡಿ ಹೊಂಡಗಳು ಅಣಬೆಯಂತೆ ಎದ್ದವು. ಭತ್ತದ ಗದ್ದೆಯ ಪಕ್ಕದಲ್ಲಿ ಉಪ್ಪು ನೀರು ನಿಲ್ಲಿಸಿದರೆ ಅದು ಅಲ್ಲೇ ನಿಲ್ಲುವುದಿಲ್ಲ. ಇಂಗಿ ಬಾವಿಗೆ ಹೋಗುತ್ತದೆ, ಗದ್ದೆಗೆ ಹೋಗುತ್ತದೆ. ಕುಡಿಯುವ ನೀರು ಉಪ್ಪಾಯಿತು, ಕಡಲಿಗೆ ಹೋಗುವ ದಾರಿ ಮುಚ್ಚಿತು ಎಂದು ಹಳ್ಳಿಯವರು ಎದ್ದರು. ಗಾಂಧಿವಾದಿ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು.

1996ರ ಡಿಸೆಂಬರ್ 11ರ ತೀರ್ಪು ಕಟುವಾಗಿತ್ತು. ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ವಿಧಾನ ಬಿಟ್ಟು ಉಳಿದ ಸಿಗಡಿ ಸಾಕಣೆಯನ್ನು ತೆರವು ಮಾಡಬೇಕು, ಹಾನಿ ಮಾಡಿದವರೇ ಪರಿಹಾರ ಕೊಡಬೇಕು ಎಂದು ಕೋರ್ಟ್ ಹೇಳಿತು. ಗದ್ದೆ, ಕಾಂಡ್ಲಾ ಕಾಡು, ಜೌಗು ನೆಲವನ್ನು ಸಿಗಡಿ ಹೊಂಡ ಮಾಡಬಾರದು ಎಂದೂ ಸೇರಿಸಿತು. ಅಷ್ಟರಲ್ಲಿ ಬಿಳಿ ಚುಕ್ಕೆ ರೋಗ ಬಂದು ಹೊಂಡಕ್ಕೆ ಹೊಂಡವೇ ಖಾಲಿಯಾಗಿತ್ತು. ಕೋರ್ಟಿಗಿಂತ ವೇಗವಾಗಿ ಕೆಲಸ ಮಾಡಿದ್ದು ವೈರಸ್ ಎಂದರೂ ತಪ್ಪಿಲ್ಲ.

2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ತಂದಿತು. ಚೆನ್ನೈಯಲ್ಲಿ ಕಚೇರಿ ಇರುವ ಈ ಪ್ರಾಧಿಕಾರದ ನೋಂದಣಿ ಇದ್ದರೆ ಸಾಕಣೆ ನಡೆಸಬಹುದು ಎಂದಾಯಿತು. 2009ರಿಂದ ವನ್ನಾಮೆ ಎಂಬ ಹೊರದೇಶದ ಸಿಗಡಿ ಬಂತು. ಇಂದು ಭಾರತದ ಸಮುದ್ರೋತ್ಪನ್ನ ರಫ್ತಿನ ಬೆನ್ನೆಲುಬು ಅದೇ. 2023ರ ತಿದ್ದುಪಡಿ ಕರಾವಳಿ ವಲಯದೊಳಗಿನ ಸಾಕಣೆಗೆ ಇನ್ನಷ್ಟು ಸ್ಪಷ್ಟವಾಗಿ ಬಾಗಿಲು ತೆರೆಯಿತು. ರೋಗ ಬಂದೀತೆಂಬ ಭಯಕ್ಕೆ ನಿಷೇಧಿತ ಆ್ಯಂಟಿಬಯೋಟಿಕ್ ಹಾಕಿ, ವಿದೇಶದ ಬಂದರಿನಲ್ಲಿ ಸಿಕ್ಕಿಬಿದ್ದು ವಾಪಸ್ ಬರುವ ಸರಕಿನ ಸುದ್ದಿ ಆಗಾಗ ಓದಲು ಸಿಗುತ್ತದೆ.

ಕುಮಟಾದ ಗಜನಿ

ಸಿಗಡಿಯೆಂದರೆ ಹೀಗೇ ಎಂದು ತೀರ್ಮಾನಿಸುವ ಮೊದಲು ಅಘನಾಶಿನಿ ಅಳಿವೆಯನ್ನು ನೋಡಬೇಕು. ಕುಮಟಾ ತಾಲ್ಲೂಕಿನ ಗಜನಿ ಭೂಮಿಯಲ್ಲಿ ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ ಅದು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಕೂಳೆ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆರೆದರೆ ಭರತದ ನೀರಿನ ಜೊತೆ ಸಿಗಡಿ, ಮೀನಿನ ಮರಿಗಳು ತಾವಾಗಿ ಒಳಗೆ ಬರುತ್ತವೆ. ಕೊಳೆಯುವ ಕೂಳೆಯೇ ಅವುಗಳ ಮೇವು, ಅವುಗಳ ಹಿಕ್ಕೆಯೇ ಮುಂದಿನ ಭತ್ತಕ್ಕೆ ಗೊಬ್ಬರ. ನೀರು ಇಳಿಯುವಾಗ ಬಾಗಿಲಿಗೆ ಬಲೆ ಒಡ್ಡಿ ಹಿಡಿಯುತ್ತಾರೆ.

ಸಿಗಡಿಯ ದುಡ್ಡು ಇಲ್ಲಿಗೂ ಬಂತು. ಭತ್ತ ಬಿಟ್ಟು ವರ್ಷವಿಡೀ ಉಪ್ಪು ನೀರು ನಿಲ್ಲಿಸಿದರು. ರೋಗ ಬಂದಾಗ ಸಿಗಡಿ ಹೋಯಿತು, ಅಷ್ಟರಲ್ಲಿ ಕಗ್ಗವೂ ಹೋಗಿತ್ತು. ಮಾಣಿಕಟ್ಟಾದಂಥ ಕೆಲವು ಕಡೆ ಮಾತ್ರ ರೈತರು ಕೂಡಿ ಬೀಜ ಉಳಿಸಿಕೊಂಡಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು.

ಹೊಂಡದಿಂದ ತಪ್ಪಿಸಿಕೊಂಡವು

ಇನ್ನೊಂದು ಅಪಾಯ ಸದ್ದಿಲ್ಲದ್ದು. ಸಾಕಿದ ಮೀನು ನೆರೆಯಲ್ಲಿ ಹೊಂಡ ದಾಟಿ ನದಿ ಸೇರುವುದು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ತಿಲಾಪಿಯಾ ಇಂದು ದಕ್ಷಿಣದ ಕೆರೆ, ಜಲಾಶಯಗಳಲ್ಲೆಲ್ಲ ಇದೆ. ಕರ್ನಾಟಕದಲ್ಲಿ ಜಿಲೇಬಿ ಎಂದು ಕರೆಯುವುದು ಇದನ್ನೇ. ಸಾಕುವವರಿಗೂ ಈಗ ಇದು ಬೇಡ, ಅಷ್ಟು ಬೇಗ ಮರಿ ಹಾಕಿ ಸಣ್ಣದಾಗಿಯೇ ಉಳಿಯುತ್ತದೆ. ಆದರೆ ವಾಪಸ್ ಕಳಿಸುವ ದಾರಿ ಇಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೂ ಜೋರು. ಇದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ನಾಶಪಡಿಸಲು ಹೇಳಿದೆ. ಆದರೂ ಬೆಂಗಳೂರಿನ ಸುತ್ತಮುತ್ತ ಕಸಾಯಿಖಾನೆ ತ್ಯಾಜ್ಯ ಹಾಕಿ ಕದ್ದು ಸಾಕುವ ಹೊಂಡಗಳ ಮೇಲೆ ದಾಳಿ ನಡೆಯುತ್ತಲೇ ಇರುತ್ತದೆ. ಗಾಳಿಯಲ್ಲೂ ಉಸಿರಾಡಬಲ್ಲ ಈ ಮೀನು ಕೆಟ್ಟ ನೀರಿನಲ್ಲೂ ಬದುಕುತ್ತದೆ. ನದಿಗೆ ಬಿದ್ದರೆ ಸ್ಥಳೀಯ ಮೀನುಗಳನ್ನು ಉಳಿಸುವುದಿಲ್ಲ.

ಮತ್ತೆ ಕೊಲ್ಲೇರು

2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಕುಂಭದ್ರೋಣ ಮಳೆ, ಏರಿಗಳ ಬಿರುಕು, ಹೊಳೆಯ ಒತ್ತುವರಿ ಹೀಗೆ ಕಾರಣ ಹಲವು. ಆದರೆ ಬುಡಮೇರು ಕೊನೆಗೆ ಹೋಗಿ ಸೇರಬೇಕಾದದ್ದು ಕೊಲ್ಲೇರಿಗೆ. ಅಲ್ಲಿ ನೀರಿಗೆ ಜಾಗ ಇದೆಯೇ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಗಡಿ 5 ಅಡಿಯೋ 3 ಅಡಿಯೋ, ಯಾವ ಹೊಂಡ ಒಳಗೆ, ಯಾವುದು ಹೊರಗೆ, ಪಟ್ಟಾ ಇದ್ದವರಿಗೆ ಯಾರು ಹಣ ಕೊಡಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ಸರೋವರದ ಅಂಚಿನ ಆಟಪಾಕ ಎಂಬ ಊರಿನಲ್ಲಿ ಒಂದು ಪಕ್ಷಿಧಾಮ ಇದೆ. ಮಂಡ್ಯದ ಕೊಕ್ಕರೆ ಬೆಳ್ಳೂರಿನಲ್ಲಿ ಕಾಣುವ ಹೆಜ್ಜಾರ್ಲೆಗಳೇ ಇಲ್ಲೂ ಮರಿ ಮಾಡುತ್ತವೆ. ಒಂದು ಕಾಲದಲ್ಲಿ ಕೊಲ್ಲೇರಿನ ಸುತ್ತಲಿನ ಮರಗಳಲ್ಲಿ ಇವುಗಳ ಗೂಡುಗಳು ಕಿಕ್ಕಿರಿದಿದ್ದವು. ಈಗ ಆಟಪಾಕದಲ್ಲಿ ಗೂಡಿಗೆ ಮರ ಸಾಲದೆ, ಅರಣ್ಯ ಇಲಾಖೆ ನೀರಿನ ನಡುವೆ ಕಬ್ಬಿಣದ ಅಟ್ಟಣೆಗಳನ್ನು ನಿಲ್ಲಿಸಿಕೊಟ್ಟಿದೆ. ಹಕ್ಕಿಗಳು ಅಲ್ಲೇ ಕಡ್ಡಿ ತಂದು ಗೂಡು ಕಟ್ಟಿ, ಮರಿಗಳಿಗೆ ಸುತ್ತಲಿನ ಹೊಂಡಗಳ ಮೀನು ತಿನ್ನಿಸುತ್ತವೆ. ಅವು ಬಂದು ಇಳಿಯದಂತೆ ಹೊಂಡದವರು ಮೇಲೆ ಬಲೆ, ತಂತಿ ಕಟ್ಟುತ್ತಾರೆ.